ಅತ್ತೆಯ ಕಿವಿಯಲ್ಲಿ ಸಮಿತಿ

“ಯಾರೇ ಅದು, ನನ್ನ ಕಿವಿಯೊಳಗೆ ಕೂತು ಹಡಗು ಹಡಗು ಅಂತ ಬಡ್ಕೊಳ್ತಿರೋದು?”

ಅತ್ತೆಯ ಗಂಟಲು ಮೊದಲೇ ದೊಡ್ಡದು. ಕಾಯುವ ಕೋಣೆಯಲ್ಲಿ ಕೂತಿದ್ದವರೆಲ್ಲ ಕಡತದಿಂದ, ಫೋನಿನಿಂದ, ತೂಕಡಿಕೆಯಿಂದ ತಲೆಯೆತ್ತಿ ನೋಡಿದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಇನ್ಸ್‌ಪೆಕ್ಟರಮ್ಮನಿಗೆ. ಒಂದು ಕೈಯಲ್ಲಿ ಕಣ್ಣಿನ ಹನಿಯ ಸೀಸೆ, ಇನ್ನೊಂದರಲ್ಲಿ ಅತ್ತೆಯ ಗಲ್ಲ. ಮೊನ್ನೆಯಷ್ಟೇ ಅತ್ತೆಯ ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿತ್ತು. ಹೊತ್ತುಹೊತ್ತಿಗೆ ಹನಿ ಬಿಡಬೇಕು. ಗಂಡ ಪರವೂರಿಗೆ ಹೋಗಿದ್ದ, ಮಗಳಿಗೆ ಶಾಲೆ, ಪಕ್ಕದ ಮನೆಗೆ ಬೀಗ. ಹೀಗಾಗಿ ಒಬ್ಬ ಮಂತ್ರಿಯ ಹಣೆಬರಹ ತೀರ್ಮಾನವಾಗುವ ದಿನವೇ ಸಂಸತ್ತಿನ ಕಟ್ಟಡಕ್ಕೆ ಅತ್ತೆಯೂ ಬಂದು ಕೂತಿದ್ದರು, ಕಪ್ಪು ಕನ್ನಡಕ ಹಾಕಿಕೊಂಡು, ಸಿನಿಮಾದವರ ಹಾಗೆ.

“ಅತ್ತೆ, ಸ್ವಲ್ಪ ಮೆತ್ತಗೆ. ತಲೆ ಹಿಂದಕ್ಕೆ ಹಾಕಿ.”

“ಹಾಂ?”

“ತಲೆ ಹಿಂದಕ್ಕೆ ಅಂದೆ!”

“ನಿನ್ನ ಬಾಯಿ ಅಲ್ಲಾಡ್ತಿದೆ ಕಣೇ. ಧ್ವನಿ ಮಾತ್ರ ಯಾವನೋ ಮುದುಕಂದು ಬರ್ತಿದೆ.”

ಇನ್ಸ್‌ಪೆಕ್ಟರಮ್ಮ ನಿದ್ದೆಗೆಟ್ಟ ಕಣ್ಣುಗಳನ್ನು ಉಜ್ಜಿಕೊಂಡಳು. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಉಳಿದಿರಲಿಲ್ಲ. “ಏನಂತಾನೆ ನಿಮ್ಮ ಮುದುಕ?” ಎಂದು ಕೈಸನ್ನೆಯಲ್ಲೇ ಕೇಳಿದಳು.

ಅತ್ತೆ ಕಿವಿಗೊಟ್ಟು ಕೇಳಿ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಒಪ್ಪಿಸಿದರು: “‘ತಳದ ತಗಡು ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತಿತ್ತು. ಅಂಥ ಹಡಗಿಗೆ ಯೋಗ್ಯ ಅಂತ ಮುದ್ರೆ ಒತ್ತಿದ ಹೆಬ್ಬೆರಳು ಯಾರದು ಸ್ವಾಮಿ?’ ಅಂತಾನೆ. ಒಳ್ಳೇ ಕೇಳ್ತಾನಪ್ಪ!”

ಹನಿ ಕಣ್ಣಿಗೆ ಬೀಳುವ ಬದಲು ಅತ್ತೆಯ ಕೆನ್ನೆಯ ಮೇಲೆ ಬಿತ್ತು.

ಆ ಪ್ರಶ್ನೆಯನ್ನು ಇನ್ಸ್‌ಪೆಕ್ಟರಮ್ಮ ಇವತ್ತು ಬೆಳಿಗ್ಗೆ, ಗಾಜು ಏರಿಸಿದ ಕಾರಿನಲ್ಲಿ, ಸಮಿತಿಯ ಹಿರಿಯ ಸದಸ್ಯರೊಬ್ಬರ ಜೊತೆ ಕೂತು ಹೊಸೆದಿದ್ದಳು. ಅದು ಈ ಕ್ಷಣ ಮೇಲಿನ ಮಹಡಿಯಲ್ಲಿ, ಎರಡು ಪದರದ ಬಾಗಿಲಿನ ಹಿಂದೆ, ಸಮಿತಿಯ ಗುಪ್ತ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೇಲೆ ಒಬ್ಬ ಕೆಮ್ಮಿದರೂ ಕೆಳಗೆ ಗೊತ್ತಾಗಬಾರದು.

ಗೊತ್ತಾಗುತ್ತಿತ್ತು. ಅದೇ ಈವರೆಗಿನ ಕಥೆ. ಪ್ರಯಾಣಿಕರ ಹಡಗು ಮುಳುಗಿತು, “ಅದರಲ್ಲಿ ದೋಷವಿತ್ತೆಂದು ನನಗಾರೂ ಹೇಳಿರಲಿಲ್ಲ” ಎಂದು ಮಂತ್ರಿ ಸದನದಲ್ಲಿ ನಿಂತು ಹೇಳಿದರು, ಆ ಮಾತು ನಿಜವೋ ಸುಳ್ಳೋ ಜಾಲಾಡಲು ಸದನ ಸಮಿತಿ ಮಾಡಿತು. ಸಮಿತಿ ಯಾರನ್ನು ಕರೆಯುತ್ತದೆ, ಏನು ಕೇಳುತ್ತದೆ ಅನ್ನುವುದೆಲ್ಲ ಮಂತ್ರಿಯ ಇಲಾಖೆಗೆ ಮೊದಲೇ ಮುಟ್ಟುತ್ತಿತ್ತು. ಮುಟ್ಟಿಸುವವರು ಯಾರೆಂದು ಹುಡುಕಲು ಸಮಿತಿ ಇನ್ಸ್‌ಪೆಕ್ಟರಮ್ಮನನ್ನು ಕರೆಸಿಕೊಂಡಿತ್ತು. ಮೊದಲ ಸಾಕ್ಷಿ ಬರಬೇಕಾದ ಬೆಳಿಗ್ಗೆ ಮನೆಯಿಂದ ಹೊರಟವನು ಇನ್ನೂ ಎಲ್ಲಿಗೂ ತಲುಪಿಲ್ಲ. ಎರಡನೆಯವನು ಬಂದ, ಕೂತ, ತಾನು ಹಡಗನ್ನೇ ನೋಡಿಲ್ಲ ಅಂದ.

ಉಳಿದಿರುವುದು ಮೂರನೆಯವನು. ಹಡಗಿನ ತಪಾಸಣೆ ಮಾಡಿದ್ದವನು. “ಇದು ನೀರಿಗಿಳಿಯಬಾರದು” ಎಂದು ಮಂತ್ರಿಯ ಮುಖಕ್ಕೇ ಹೇಳಿ ಬಂದವನು. ಅವನು ಸಮಿತಿಯ ಮುಂದಿನ ಕುರ್ಚಿಯಲ್ಲಿ ಕೂತು ಪ್ರಮಾಣ ಮಾಡಿದ ಮರುಕ್ಷಣದಿಂದ ಅವನು ಸದನದ ರಕ್ಷಣೆಯವನು. ಆಡಿದ ಮಾತಿಗಾಗಿ ಸರ್ಕಾರ ಅವನನ್ನು ಮುಟ್ಟುವಂತಿಲ್ಲ. ಪ್ರಮಾಣ ಮಾಡುವವರೆಗೆ ಅವನು ಬರೀ ಒಬ್ಬ ನೌಕರ, ಬೀದಿಯಲ್ಲಿ ಎತ್ತಿ ಹಾಕಿಕೊಂಡು ಹೋದರೆ ಕೇಳುವವರಿಲ್ಲ.

ಅವನು ಈಗ ಇದೇ ಕಟ್ಟಡದಲ್ಲಿದ್ದ. ಎಲ್ಲಿ ಅನ್ನುವುದು ಇನ್ಸ್‌ಪೆಕ್ಟರಮ್ಮನಿಗೆ ಗೊತ್ತಿತ್ತು, ಸಮಿತಿಯ ಅಧ್ಯಕ್ಷೆಗೆ ಗೊತ್ತಿತ್ತು. ಚಹಾ ವಿರಾಮ ಮುಗಿದ ಮೇಲೆ ಅಧ್ಯಕ್ಷೆ ಅವನ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಸದಸ್ಯರು ಒಪ್ಪಬೇಕು, ಆಮೇಲೆ ಅವನು ನಡೆದು ಬರಬೇಕು. ಪದ್ಧತಿ ಹಾಗೆ. ಹೆಸರು ಹೇಳುವುದಕ್ಕೂ ಅವನು ಕುರ್ಚಿ ಸೇರುವುದಕ್ಕೂ ನಡುವಿನ ಆ ಹೊತ್ತನ್ನು ಅವಳು ಬೆಳಗಿನಿಂದ ಲೆಕ್ಕ ಹಾಕುತ್ತಲೇ ಇದ್ದಳು.

ಈಗ ನೋಡಿದರೆ ಅತ್ತೆ ಕೆಳಗೆ ಕೂತು ಸಮಿತಿಯ ಕಲಾಪ ಒಪ್ಪಿಸುತ್ತಿದ್ದಾರೆ.

“ಅತ್ತೆ, ಇಲ್ಲಿ ನೋಡೋಣ.” ಅತ್ತೆಯ ಕಿವಿಯ ಹಿಂದಿನ ಮಿಷನ್ನು ತೆಗೆದು ಬೆಳಕಿಗೆ ಹಿಡಿದಳು. ಸಣ್ಣ ಸ್ವಿಚ್ಚು ಕೆಳಗೆ ಇಳಿದಿತ್ತು, ಫೋನಿನ ಗುರುತಿನ ಕಡೆ.

“ನಿಮ್ಮ ಮೊಮ್ಮಗಳ ಕೆಲಸ. ಬೆಳಿಗ್ಗೆ ಅತ್ತಿಗೆ ಫೋನು ಮಾಡಿದಾಗ ಹಾಕಿಕೊಟ್ಟಿದ್ದಾಳೆ. ಮತ್ತೆ ಮೇಲೆ ಮಾಡೋದು ಮರೆತಿದ್ದಾಳೆ.”

ಮಿಷನ್ ತೆಗೆದದ್ದರಿಂದ ಅತ್ತೆಗೆ ಈಗ ಯಾವ ಧ್ವನಿಯೂ ಇಲ್ಲ. “ಕೊಡೇ ಇತ್ಲಾಗೆ. ಒಳ್ಳೇ ಘಟ್ಟದಲ್ಲಿ ತೆಗೆದೆ!”

ಇನ್ಸ್‌ಪೆಕ್ಟರಮ್ಮನಿಗೆ ಕಿವಿ ಮಿಷನ್ನಿನ ಅಂಗಡಿಯವನು ನೆನಪಾದ. “ಈ ಸ್ವಿಚ್ ಫೋನಿಗೆ ಮೇಡಂ. ಹಾಕಿದರೆ ಎದುರಿನವರ ಮಾತು ಕೇಳಿಸಲ್ಲ, ಫೋನಿನ ಮಾತಷ್ಟೇ. ಕೆಲವು ಸಭಾಂಗಣದಲ್ಲಿ ನೆಲದ ಸುತ್ತ ಒಂದು ತಂತಿ ಎಳೆದಿರ್ತಾರೆ. ಅಲ್ಲಿ ಇದನ್ನ ಹಾಕಿಕೊಂಡರೆ ಮೈಕಿನ ಮಾತು ನೇರ ಕಿವಿಗೇ ಬರುತ್ತೆ.” ಅವಳು ಬೆಲೆ ವಿಚಾರಿಸುವ ಧ್ಯಾನದಲ್ಲಿದ್ದಳು. ಅರ್ಧ ಕೇಳಿದ್ದಳು.

ನೆಲದ ಸುತ್ತ ಒಂದು ತಂತಿ.

ಅವಳು ತಲೆಯೆತ್ತಿ ಚಾವಣಿ ನೋಡಿದಳು. ಮೇಲಿನ ಮಹಡಿಯ ನೆಲ ಅಂದರೆ ಈ ಕೋಣೆಯ ಚಾವಣಿ. ಬಾಗಿಲಿಗೆ ಎಷ್ಟು ಪದರ ಹಾಕಿದರೇನು, ತಂತಿಯ ಮಾತು ಬಾಗಿಲಿನಿಂದ ಹೋಗುವುದಿಲ್ಲವಲ್ಲ. ಕೆಳಕ್ಕೆ ಇಳಿಯುತ್ತದೆ.

ಆ ತಂತಿ ಎಳೆಸಿದ್ದು ದೊಡ್ಡಪ್ಪ.

ಅವರು ಯಾರ ದೊಡ್ಡಪ್ಪನೂ ಅಲ್ಲ. ಸಮಿತಿಯ ಅತಿ ಹಿರಿಯ ಸದಸ್ಯರು. ಸ್ವಂತ ಪಕ್ಷದವರೂ ಎದುರು ಪಕ್ಷದವರೂ ಹಾಗೇ ಕರೆಯುತ್ತಾರೆ. ಹೋದ ವರ್ಷ ಅವರ ಕಿವಿ ಪೂರ್ತಿ ಕೈಕೊಟ್ಟಾಗ ಸದನದಲ್ಲಿ ಎದ್ದು ನಿಂತು ಹೇಳಿದ್ದರು: “ಮಂತ್ರಿಗಳು ಸುಳ್ಳು ಹೇಳ್ತಾರೆ ಅಂತ ನನ್ನ ಅನುಮಾನ. ಆದರೆ ಕೇಳಿಸದೆ ಹೇಗೆ ಅನುಮಾನ ಪಡಲಿ? ನನಗೊಂದು ವ್ಯವಸ್ಥೆ ಮಾಡಿಕೊಡಿ.” ಸದನ ಬಿದ್ದು ಬಿದ್ದು ನಕ್ಕಿತ್ತು. ಸರ್ಕಾರ ಅಲ್ಲೇ ಭರವಸೆ ಕೊಟ್ಟಿತು, ಕೂಡಲೇ ತಂತಿ ಎಳೆಸಿತು. ಈ ಸರ್ಕಾರ ಸದನಕ್ಕೆ ಕೊಟ್ಟ ಭರವಸೆಗಳಲ್ಲಿ ತಡವಿಲ್ಲದೆ ಈಡೇರಿದ್ದು ಅದೊಂದೇ.

ಆಗಲೇ ಅನುಮಾನ ಬರಬೇಕಿತ್ತು ನನಗೆ, ಅಂದುಕೊಂಡಳು ಇನ್ಸ್‌ಪೆಕ್ಟರಮ್ಮ.

ಇನ್ನೊಂದೂ ಈಗ ತಾನಾಗಿ ಬಂದು ಕೂಡಿಕೊಂಡಿತು. ದೊಡ್ಡಪ್ಪ ಹಲ್ಲು ಕೀಳಿಸಿಕೊಂಡು ಮನೆಯಲ್ಲಿ ಮಲಗಿದ್ದ ದಿನ ಇಲಾಖೆಯ ಕಾರ್ಯದರ್ಶಿ ಸಮಿತಿಯ ಮುಂದೆ ಬೆವೆತು ತೊಪ್ಪೆಯಾಗಿದ್ದ. ಒಂದು ಪ್ರಶ್ನೆಗೂ ತಯಾರಿ ಇರಲಿಲ್ಲ. ದೊಡ್ಡಪ್ಪ ಇಲ್ಲದಿದ್ದರೆ ಮೈಕಿನ ಮಾತನ್ನು ತಂತಿಗೆ ಹರಿಸುವ, ಅವರ ಮೇಜಿನ ಕೆಳಗಿನ ಡಬ್ಬಿ ಹಾಕುವವರಿಲ್ಲ. ಡಬ್ಬಿ ಇಲ್ಲದಿದ್ದರೆ ತಂತಿ ಬರೀ ತಂತಿ.

ಅಂದರೆ ಕದ್ದವರು ಮೇಲಿನ ಕೋಣೆಯವರಲ್ಲ. ಬೆಳಿಗ್ಗೆ ಅಧ್ಯಕ್ಷೆ ಅವಳನ್ನು ಕರೆದು, “ನೋಡಮ್ಮ, ಶೀಘ್ರಲಿಪಿ ಬರೆದುಕೊಳ್ಳೋ ಆ ಹುಡುಗೀನೇ ಅಂತ ಬರೆದು ಮುಗಿಸಿಬಿಡು. ನನಗೂ ಸಾಕಾಗಿದೆ, ನಿನಗೂ ಸಾಕಾಗಿದೆ” ಅಂದಿದ್ದರು. ಬರೆಯದಿದ್ದದ್ದೇ ಒಳ್ಳೆಯದಾಯಿತು.

“ಅತ್ತೆ, ಏಳಿ. ಸ್ವಲ್ಪ ಜಾಗ ಬದಲಾಯಿಸೋಣ.” ತೋಳು ಹಿಡಿದು ಎಬ್ಬಿಸಿದಳು.

“ಯಾಕೆ, ಇಲ್ಲೇನಾಗಿದೆ? ಫ್ಯಾನಿನ ಕೆಳಗೆ ಹಾಯಾಗಿದೀನಿ.”

“ಇನ್ನೂ ಒಳ್ಳೇ ಸೀಟಿದೆ, ಬನ್ನಿ.” ಮಿಷನ್ನನ್ನು ಹಾಗೇ, ಸ್ವಿಚ್ ಕೆಳಗೇ ಇಟ್ಟು ಅತ್ತೆಯ ಕಿವಿಗೆ ಸಿಕ್ಕಿಸಿದಳು.

ಕೋಣೆಯ ನಡುವೆ ನಡೆದಾಗ ಅತ್ತೆ ಮೂಗು ಮುರಿದರು, “ಕುಯ್ಯೋ ಅಂತಿದೆ.” ಕಿಟಕಿಯ ಬಳಿ, “ಅರೆಬರೆ.” ಒಳಗಿನ ಗೋಡೆಯ ಅಂಚು ಹಿಡಿದು ಮೂಲೆಯತ್ತ ಬಂದ ಹಾಗೆ ಮುಖ ಅರಳಿತು. “ಹಾಂ, ಈಗ ನೋಡು! ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ.”

ಆ ಮೂಲೆಯ ಕುರ್ಚಿ ಖಾಲಿ ಇರಲಿಲ್ಲ.

ಇಲಾಖೆಯ ಸಂಪರ್ಕಾಧಿಕಾರಿ ಅಲ್ಲಿ ಕೂತಿದ್ದ. ಕಟ್ಟಡದವರು ಅವನಿಗೆ ಇಟ್ಟ ಹೆಸರು ಬೆಣ್ಣೆ ಸಾಹೇಬ. ಅಷ್ಟು ನಯ ಮಾತು. ಇಲಾಖೆಯವರು ತಮ್ಮ ಸರದಿ ಬರುವವರೆಗೆ ಈ ಕೋಣೆಯಲ್ಲೇ ಕಾಯಬೇಕು. ಹಾಗಾಗಿ ಅವನು ಹೆಚ್ಚುಕಡಿಮೆ ಪ್ರತಿ ಸಭೆಗೂ ಬರುತ್ತಿದ್ದ, ಬಂದಾಗೆಲ್ಲ ಅದೇ ಕುರ್ಚಿ. ಎಡಗಿವಿಯಲ್ಲಿ ಚರ್ಮದ ಬಣ್ಣದ ಮಿಷನ್ನು. “ಎಡಗಡೆ ಸ್ವಲ್ಪ ಮಂದ, ದಯವಿಟ್ಟು ಬಲಗಡೆ ಬನ್ನಿ” ಎಂದು ಎಲ್ಲರಿಗೂ ನಗುತ್ತ ಹೇಳುತ್ತಿದ್ದ.

ಹೋದ ವಾರ ಅವನ ಎಡಗಡೆ, ಹಿಂದೆ, ಯಾರದೋ ಚಮಚ ನೆಲಕ್ಕೆ ಬಿದ್ದಿತ್ತು. ಎಲ್ಲರಿಗಿಂತ ಮೊದಲು ತಿರುಗಿದವನು ಅವನೇ. ಅವಳ ಕಣ್ಣು ಅದನ್ನು ನೋಡಿತ್ತು, ತಲೆ ನೋಡಿರಲಿಲ್ಲ.

“ನಮಸ್ಕಾರ ಸಾಹೇಬ್ರೆ. ನಮ್ಮತ್ತೆಗೆ ಸ್ವಲ್ಪ ಜಾಗ ಕೊಡ್ತೀರಾ?”

“ಅಯ್ಯೋ, ಬನ್ನಿ ಬನ್ನಿ ತಾಯಿ.” ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದ. ತನ್ನ ಕುರ್ಚಿ ಬಿಡಲಿಲ್ಲ.

ಅತ್ತೆ ಕೂತರು. ಕೂತವರು ಕಪ್ಪು ಕನ್ನಡಕ ಸರಿಸಿ, ಸರಿಯಿದ್ದ ಕಣ್ಣಿನಿಂದ ಅವನ ಕಿವಿಯನ್ನು ಪರೀಕ್ಷೆ ಮಾಡಿದರು. ಸೊಸೆ ಇನ್ನೂ ಏನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಕೋಣೆಯೆಲ್ಲ ಕೇಳುವಂತೆ ಹೇಳಿದರು: “ನಿಮ್ಮದೂ ನನ್ನ ಥರಾನೇ ಕೆಳಗೆ ಇಳಿದುಬಿಟ್ಟಿದೆ ನೋಡಪ್ಪ! ಸ್ವಿಚ್ಚು! ನಿಮಗೂ ಆ ಮುದುಕನೇ ಬರ್ತಿದಾನಾ?”

ಯಾರೋ ಕಿಸಕ್ಕನೆ ನಕ್ಕರು. ಬೆಣ್ಣೆ ಸಾಹೇಬನ ಕೈ ತಾನಾಗಿ ಕಿವಿಯ ಹಿಂದೆ ಹೋಯಿತು, ಅರ್ಧದಲ್ಲೇ ನಿಂತಿತು.

ಇನ್ಸ್‌ಪೆಕ್ಟರಮ್ಮ ಅವನ ಎದುರು ಕುರ್ಚಿ ಎಳೆದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಅವನ ಎಡಗಿವಿಯತ್ತ ಬಗ್ಗಿ ಧ್ವನಿ ತಗ್ಗಿಸಿದಳು.

“ತೆಗೀಬೇಡಿ. ಹಾಗೇ ಇರಲಿ. ಏನು ನಡೀತಿದೆ ಮೇಲೆ?”

“ಏನು ಮೇಡಂ, ಅರ್ಥವಾಗಲಿಲ್ಲ.”

“ಎಡಗಿವಿ ಮಂದ ಅಂತೀರಿ. ಎಡಗಡೆ ಬಗ್ಗಿ ಪಿಸುಗುಟ್ಟಿದೆ, ಕೇಳಿಸಿತಲ್ಲ?”

ಅವನ ಕೈ ಕಿವಿಯಿಂದ ಕೆಳಗಿಳಿಯಿತು. ಆಮೇಲೆ ಮೆಲ್ಲಗೆ ನಕ್ಕ. ಸಿಕ್ಕಿಬಿದ್ದವನ ನಗುವಲ್ಲ, ಆಟ ಮುಗಿದಾಗ ಎಲೆ ಮಗುಚಿ ತೋರಿಸುವವನ ನಗು.

“ಇದು ಕಾಯೋ ಕೋಣೆ ಮೇಡಂ. ಕಾಯೋದು ನನ್ನ ಕೆಲಸ. ನಿಮ್ಮ ಸದನ ತನ್ನ ನೆಲದಿಂದಲೇ ಕಿರುಚಿಕೊಂಡರೆ, ಕೆಳಗೆ ಕೂತವನ ಕಿವಿಯದು ತಪ್ಪಾ?”

“ಕಿವಿ ಸರಿಯಿದ್ದೂ ಮಿಷನ್ ಹಾಕಿಕೊಂಡು ಬಂದದ್ದು?”

“ಅದಕ್ಕೆ ಯಾವ ಕಾನೂನಿದೆ ಹೇಳಿ, ಒಪ್ಪಿಕೊಳ್ತೀನಿ.”

“ಕಾನೂನು ಆಮೇಲೆ. ಒಬ್ಬ ಮನುಷ್ಯ ಮನೆಯಿಂದ ಹೊರಟವನು ಇನ್ನೂ ಸಿಕ್ಕಿಲ್ಲ ಸಾಹೇಬ್ರೆ. ಅವನ ಹೆಂಡತಿ ದಿನಾ ನನಗೆ ಫೋನ್ ಮಾಡ್ತಾಳೆ. ನನ್ನ ಮಗಳ ವಯಸ್ಸಿನ ಹುಡುಗಿ ಇದಾಳೆ ಅವರಿಗೆ. ಅವಳಿಗೇನು ಹೇಳಲಿ? ಇಲಾಖೆಯವರೊಬ್ಬರು ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ನಿಮ್ಮಪ್ಪನ ಹೆಸರು ಕೇಳಿಸಿಕೊಂಡರು ಅನ್ನಲಾ?”

ಬೆಣ್ಣೆ ಕರಗಿದ್ದು ಆಗ. ಅವನ ಮುಖದಲ್ಲಿ ಮೊದಲ ಸಲ ಗಟ್ಟಿಯಾದದ್ದೇನೋ ಕಂಡಿತು.

“ಪ್ರಶ್ನೆ ಕದ್ದೆ. ಹೌದು. ಮಂತ್ರಿಗಳು ಸಮಿತಿ ಮುಂದೆ ತಡವರಿಸಬಾರದು, ಅದು ನನ್ನ ಕೆಲಸ. ಪ್ರಶ್ನೆ ತಿಳಿದರೆ ಉತ್ತರ ಚೆನ್ನಾಗಿ ಬರೀಬಹುದು, ಅಷ್ಟೇ. ಮನುಷ್ಯರನ್ನ ಕದ್ದಿಲ್ಲ ನಾನು.”

“ಅವನ ಹೆಸರು ಹೇಳಿದ ದಿನ…”

“ಅವನ ಹೆಸರು ಹೇಳಿದ ದಿನ ನಾನು ಊರಲ್ಲೇ ಇರಲಿಲ್ಲ!” ಧ್ವನಿ ಏರಿತು. ಅತ್ತ ಇತ್ತ ನೋಡಿ ಮತ್ತೆ ಇಳಿಸಿದ. “ಮಂತ್ರಿಗಳ ಜೊತೆ ಬಂದರಿನಲ್ಲಿದ್ದೆ. ಹತ್ತಾರು ಕ್ಯಾಮರಾ ನೋಡಿದಾವೆ. ಬೇಕಾದರೆ ಆವತ್ತಿನ ಪತ್ರಿಕೆ ತೆಗೆಸಿ, ಹಿಂದೆ ಕೊಡೆ ಹಿಡ್ಕೊಂಡು ನಿಂತಿರೋ ಪೆದ್ದ ನಾನೇ. ಅವನೂ ನಾನೂ ಒಂದೇ ದಿನ ಕೆಲಸಕ್ಕೆ ಸೇರಿದವರು ಮೇಡಂ. ಅವನ ಮಗಳ ಹೆಸರಿಡೋ ದಿನ ನಾನು ಅವರ ಮನೇಲಿ ಊಟ ಮಾಡಿದೀನಿ. ಅವನ ಹೆಸರು ಕೊಟ್ಟವರು ಬೇರೆ.”

ಇನ್ಸ್‌ಪೆಕ್ಟರಮ್ಮ ಅವನ ಕಣ್ಣನ್ನೇ ನೋಡಿದಳು. ಠಾಣೆಯಲ್ಲಿ ಕಳೆದ ಅಷ್ಟೂ ವರ್ಷ ಸುಳ್ಳು ಕೇಳಿಸಿಕೊಂಡೇ ಸಂಬಳ ತೆಗೆದುಕೊಂಡವಳು ಅವಳು. ಸುಳ್ಳು ಹೇಳುವವರು ಸಾಮಾನ್ಯವಾಗಿ ತಮ್ಮನ್ನು ತಾವು ಪೆದ್ದ ಅಂದುಕೊಳ್ಳುವುದಿಲ್ಲ.

ಹಾಗಾದರೆ ಎರಡು ತೂತು. ಪ್ರಶ್ನೆಗಳು ಇಳಿದು ಬಂದದ್ದು ಚಾವಣಿಯಿಂದ. ಮನುಷ್ಯರು ಜಾರಿಹೋದದ್ದು ಇನ್ನೆಲ್ಲಿಂದಲೋ.

ಮೇಲೆ ಕುರ್ಚಿಗಳು ಸರಿದ ಸದ್ದು ಈ ಸಲ ಬರಿಗಿವಿಗೇ ಕೇಳಿಸಿತು. ಚಹಾ ವಿರಾಮ. ಮೆಟ್ಟಿಲ ಮೇಲೆ ಬೂಟು, ಚಪ್ಪಲಿ. ದೊಡ್ಡಪ್ಪ ಯಾರದೋ ಹೆಗಲ ಮೇಲೆ ಕೈಹಾಕಿ ಗಟ್ಟಿಯಾಗಿ ಮಾತಾಡುತ್ತ ಚಹಾದ ಕಡೆ ಹೋಗುವುದು ಬಾಗಿಲಿನ ಸಂದಿಯಲ್ಲಿ ಕಂಡಿತು.

ಅವಳು ಎದ್ದಳು. ಇದೇ ಸಮಯ. ಅಧ್ಯಕ್ಷೆಯನ್ನು ಹಿಡಿಯಬೇಕು, ಆ ಡಬ್ಬಿಯ ತಂತಿ ಕಿತ್ತುಹಾಕಿ ಅನ್ನಬೇಕು, ಹೆಸರು ಹೇಳುವ ಮೊದಲೇ ಸಾಕ್ಷಿಯನ್ನು ಬಾಗಿಲಿಗೆ ತಂದು ನಿಲ್ಲಿಸಬೇಕು.

“ಎಲ್ಲಿಗೆ ಹೊರಟೆ? ಇನ್ನೂ ಮುಗಿದಿಲ್ಲ,” ಅಂದರು ಅತ್ತೆ.

“ಮುಗೀತು ಅತ್ತೆ. ಎಲ್ಲ ಚಹಾಕ್ಕೆ ಹೋದರು.” ಕೈಸನ್ನೆ ಮಾಡಿ ಲೋಟ ತೋರಿಸಿದಳು.

“ಗಂಡಸರು ಹೋದರು ಕಣೇ. ಹೆಂಗಸು ಒಬ್ಳು ಇದಾಳಲ್ಲ. ಫೋನಲ್ಲಿ ಮಾತಾಡ್ತಿದಾಳೆ ಅನ್ಸುತ್ತೆ. ‘ಇಲ್ಲ, ಇಲ್ಲ, ಈಗಲೇ’ ಅಂತಿದಾಳೆ.”

ಇನ್ಸ್‌ಪೆಕ್ಟರಮ್ಮ ತಿರುಗಿ ಬೆಣ್ಣೆ ಸಾಹೇಬನನ್ನು ನೋಡಿದಳು. ಅವನು ಕತ್ತು ಒಂದು ಕಡೆಗೆ ವಾಲಿಸಿ, ಉಸಿರು ಹಿಡಿದು ಕೂತಿದ್ದ. ಮುಖದ ಬಣ್ಣ ಹೋಗಿತ್ತು. ಕಿವಿಯಿಂದ ಮಿಷನ್ ತೆಗೆದ, ತನ್ನ ಕರವಸ್ತ್ರದಿಂದ ಒರೆಸಿದ, ಅವಳ ಮುಂದೆ ಹಿಡಿದ.

“ನೀವೇ ಕೇಳಿ ಮೇಡಂ. ನಾನು ಹೇಳಿದರೆ ನಂಬಲ್ಲ.”

ಬೇರೆಯವರ ಮೈಬಿಸಿ ಇನ್ನೂ ಅದಕ್ಕೆ ಅಂಟಿತ್ತು. ಕಿವಿಗೆ ಸಿಕ್ಕಿಸಿಕೊಂಡಳು. ಕೋಣೆಯ ಸದ್ದೆಲ್ಲ ಒಮ್ಮೆಗೇ ಅಳಿಸಿಹೋಯಿತು. ಅದರ ಜಾಗದಲ್ಲಿ, ತಲೆಯ ನಟ್ಟನಡುವೆ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಧ್ವನಿ.

“…ಮನೇಲಿ ಹುಡುಕಿ ಏನು ಪ್ರಯೋಜನ? ಇಲ್ಲೇ ಇದಾನೆ, ನಮ್ಮ ಕಟ್ಟಡದಲ್ಲೇ. ಕ್ಷೌರದಂಗಡಿ. ಹೂಂ, ಸದಸ್ಯರದ್ದು. ಮುಖಕ್ಕೆ ನೊರೆ ಹಚ್ಚಿ ಕೂರಿಸಿದಾಳೆ, ಯಾರಿಗೂ ಗುರುತು ಸಿಗಬಾರದು ಅಂತ. ಜಾಣೆ. ಇಲ್ಲ, ಅವಳಿಗೆ ನನ್ನ ಮೇಲೆ ಅನುಮಾನ ಇಲ್ಲ. ಹಿಂಬಾಗಿಲು ಅಂಗಳಕ್ಕೆ ತೆರೆಯುತ್ತೆ, ಅಲ್ಲಿಂದ ಬರಲಿ. ಹೋದ ಸಲದ ಹಾಗೆ ರಂಪ ಬೇಡ…”

ಅಧ್ಯಕ್ಷೆ.

ಸದಸ್ಯರ ಮೈಕುಗಳಿಗೆಲ್ಲ ಸ್ವಿಚ್ ಇದೆ. ಅಧ್ಯಕ್ಷರ ಮೈಕಿಗೆ ಇಲ್ಲ. ಪೀಠದ ಮಾತು ಯಾವಾಗಲೂ ಕೇಳಿಸಬೇಕು, ಅದನ್ನು ಯಾರೂ ಆರಿಸಬಾರದು ಅನ್ನುವುದು ಈ ಕಟ್ಟಡದಲ್ಲಿ ಹಿಂದಿನಿಂದ ಬಂದ ಪದ್ಧತಿ. ವಿರಾಮ ಬಂದರೆ ಸಿಬ್ಬಂದಿ ಗೋಡೆಯ ಸ್ಪೀಕರುಗಳನ್ನು ಆರಿಸುತ್ತಾರೆ. ಕೋಣೆ ಮೌನವಾಗುತ್ತದೆ. ಮೌನವಾದ ಕೋಣೆಯಷ್ಟು ಭದ್ರವಾದ ಜಾಗ ಇಲ್ಲ ಎಂದು ಅಧ್ಯಕ್ಷೆ ಅಂದುಕೊಂಡಿದ್ದರು. ದೊಡ್ಡಪ್ಪನ ಮೇಜಿನ ಕೆಳಗಿನ ಡಬ್ಬಿ ಅವರಿಗೆ ನೆನಪೇ ಇರಲಿಲ್ಲ.

ಇಷ್ಟು ದಿನ ನೀರು ತರಿಸಿಕೊಟ್ಟು, “ಊಟ ಆಯ್ತೇನಮ್ಮ, ಮಗಳು ಹೇಗಿದಾಳೆ” ಎಂದು ಕೇಳುತ್ತಿದ್ದ ಧ್ವನಿ. ಪೊಲೀಸ್ ಇಲಾಖೆ ಮೂಲೆಗೆ ತಳ್ಳಿದ್ದಾಗ ಕರೆದು ಈ ಕೆಲಸ ಕೊಟ್ಟ ಧ್ವನಿ. ಯಾಕೆ ಕೊಟ್ಟರು ಅನ್ನುವುದು ಈಗ ತಿಳಿಯಿತು. ದಣಿದವಳು, ಬೇಗ ಮುಗಿಸಿ ಮನೆಗೆ ಓಡುವವಳು, ಆ ಶೀಘ್ರಲಿಪಿಯ ಹುಡುಗಿಯ ಹೆಸರು ಬರೆದು ಕೈತೊಳೆದುಕೊಳ್ಳುತ್ತಾಳೆ ಅಂದುಕೊಂಡಿದ್ದರು.

ಅವಳು ಮಿಷನ್ ಕಿತ್ತು ಬೆಣ್ಣೆ ಸಾಹೇಬನ ಕೈಗೆ ತುರುಕಿದಳು.

“ಈಗ ಕೇಳಿದ್ದನ್ನ ನಾಳೆ ಸದನದ ಮುಂದೆ ಹೇಳ್ತೀರಾ?”

ಅವನು ಮಿಷನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಇಲ್ಲ ಅನ್ನಲಿಲ್ಲ.

“ಅತ್ತೆ, ಇಲ್ಲೇ ಇರಿ. ಇವರನ್ನ ಎಲ್ಲಿಗೂ ಬಿಡಬೇಡಿ!” ಅತ್ತೆಗೆ ಕೇಳಿಸಲಿಲ್ಲ, ಆದರೆ ಸೊಸೆಯ ಬೆರಳು ತೋರಿಸಿದ ದಿಕ್ಕು ಅರ್ಥವಾಯಿತು. ಅವರು ಬೆಣ್ಣೆ ಸಾಹೇಬನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಕಣ್ಣಿಗೆ ಹನಿ ಬಿಡೋಕೆ ಬರುತ್ತೇನಪ್ಪ ನಿನಗೆ?” ಅನ್ನುವುದು ಹಿಂದಿನಿಂದ ಕೇಳಿಸಿತು.

ಅವಳು ಓಡಿದಳು.

ಓಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅಂಚೆ ಕೌಂಟರಿನ ಸಾಲು ಸೀಳಿಕೊಂಡು, ಗ್ರಂಥಾಲಯದ ಗಾಜಿನ ಬಾಗಿಲು ದಾಟಿ, ಕಡತದ ಗಾಡಿ ತಳ್ಳುತ್ತಿದ್ದವನ ಕಾಲು ತುಳಿದು. “ಕಣ್ಣು ಕಾಣಲ್ವೇನ್ರೀ!” ಹೌದಪ್ಪ, ಇಷ್ಟು ದಿನ ಕಾಣಲಿಲ್ಲ. ಚಹಾ ಎಷ್ಟು ಹೊತ್ತು ಕುಡಿಯುತ್ತಾರೆ ಜನ? ಬಿಸಿ ಇದ್ದರೆ ತುಸು ಹೆಚ್ಚು. ಬಿಸಿ ಇರಲಿ.

ಕ್ಷೌರದಂಗಡಿ ಕೆಳ ಅಂತಸ್ತಿನ ಕೊನೆಯಲ್ಲಿತ್ತು. ಬಾಗಿಲು ತಳ್ಳಿದಾಗ ಸಾಬೂನಿನ ವಾಸನೆ ಮೂಗಿಗೆ ಬಡಿಯಿತು.

ಅವನು ಇದ್ದ. ಕುತ್ತಿಗೆಗೆ ಬಿಳಿ ಬಟ್ಟೆ, ಕಣ್ಣು ಮೂಗು ಬಿಟ್ಟು ಮುಖವೆಲ್ಲ ನೊರೆ. ಕನ್ನಡಿಯಲ್ಲಿ ಅವಳನ್ನು ಕಂಡು ನಕ್ಕಾಗ ನೊರೆ ಬಿರಿಯಿತು.

“ಬೆಳಗಿನಿಂದ ಇದು ನಾಲ್ಕನೇ ಸಲ ಹಚ್ಚಿದ್ದು ಮೇಡಂ,” ಅಂದ ಕ್ಷೌರಿಕ, ಬೇಸರದಲ್ಲಿ. “ಒಣಗುತ್ತೆ, ಹಚ್ತೀನಿ. ಒಣಗುತ್ತೆ, ಹಚ್ತೀನಿ. ಇವರ ಚರ್ಮ ಇನ್ನು ಇವರದಲ್ಲ.”

“ಹಿಂಬಾಗಿಲಿಗೆ ಅಗಳಿ ಹಾಕು. ಈಗಲೇ.”

ಕ್ಷೌರಿಕ ಅವಳ ಮುಖ ನೋಡಿದ, ಕೇಳದೆ ಹೋಗಿ ಹಾಕಿದ. ಅಗಳಿ ಬಿದ್ದ ಹಿಂದೆಯೇ ಹೊರಗಿನಿಂದ ಯಾರೋ ಹಿಡಿ ತಿರುಗಿಸಿದರು. ಒಮ್ಮೆ. ಆಮೇಲೆ ಇನ್ನೊಮ್ಮೆ, ಮೆಲ್ಲಗೆ, ಆತುರವಿಲ್ಲದೆ.

ಸಾಕ್ಷಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿಯೂ ಅರ್ಥವಾಗಲಿಲ್ಲವೋ.

“ಹೊತ್ತಾಯ್ತಾ ಮೇಡಂ? ನಾನು ತಯಾರು. ಆ ಹಡಗು ಹತ್ತಿದೋರು ಒಬ್ಬೊಬ್ಬರೂ ನನಗೆ ಕನಸಲ್ಲಿ ಬಂದು ಟಿಕೆಟ್ ತೋರಿಸ್ತಾರೆ. ನಾನು ಬೇಡ ಅಂದಿದ್ದೆ, ಅವರ ಮುಖಕ್ಕೇ ಅಂದಿದ್ದೆ ಅಂತ ಒಂದು ಸಲ ಆ ಕುರ್ಚೀಲಿ ಕೂತು ಹೇಳಿಬಿಟ್ಟರೆ ನಿದ್ದೆ ಬರುತ್ತೆ. ಕೂತ ಮೇಲೆ ನನ್ನನ್ನ ಯಾರೂ ಮುಟ್ಟೋಕಾಗಲ್ಲ ಅಂದ್ರಲ್ಲ?”

“ಪ್ರಮಾಣ ಆದ ಮೇಲೆ.”

“ಅದೇ. ಪ್ರಮಾಣ ಮಾಡಿಸೋದು ಅಧ್ಯಕ್ಷೆಯವರೇ ತಾನೇ? ಬೇರೆ ಯಾರೂ ಮಾಡಿಸೋ ಹಾಗಿಲ್ಲ ಅಂದಿದ್ರಿ. ಒಳ್ಳೇದಾಯ್ತು. ಟೀವೀಲಿ ನೋಡಿದೀನಿ ಅವರನ್ನ. ಮುಖ ನೋಡಿದರೇ ಧೈರ್ಯ ಬರುತ್ತೆ.”

ಇನ್ಸ್‌ಪೆಕ್ಟರಮ್ಮ ಕನ್ನಡಿಯಲ್ಲಿ ತನ್ನ ಮುಖ ನೋಡಿದಳು. ಹಿಂಬಾಗಿಲ ಆಚೆ ಅವರು. ಮುಂಬಾಗಿಲಿಂದ ಹೊರಟರೆ ದಾರಿ ಸೇರುವುದು ಒಂದೇ ಕಡೆಗೆ, ಆ ಕುರ್ಚಿಗೆ. ಈ ಮನುಷ್ಯನನ್ನು ಉಳಿಸಬಲ್ಲ ಮಾತು ಲೋಕದಲ್ಲಿ ಒಬ್ಬರ ಬಾಯಿಂದ ಮಾತ್ರ ಬರಬೇಕು. ಆ ಬಾಯಿ ಈಗಷ್ಟೇ ಅವನನ್ನು ಮಾರಿತ್ತು.

ವಿರಾಮ ಮುಗಿದ ಗಂಟೆ ಬಡಿಯಿತು.

ಮುಂಬಾಗಿಲು ತೆರೆಯಿತು. ಬಿಳಿ ಸಮವಸ್ತ್ರ, ಹಿತ್ತಾಳೆ ಗುಂಡಿ. ಸದನದ ಮಾರ್ಷಲ್. ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತ. ಅವನ ಕಣ್ಣು ಅವಳ ಮೇಲಿರಲಿಲ್ಲ, ನೊರೆಯ ಮುಖದ ಮೇಲಿತ್ತು.

“ಅಧ್ಯಕ್ಷೆಯವರು ಕಳಿಸಿದಾರೆ. ಸಾಕ್ಷಿಯನ್ನ ನಾನೇ ಕರ್ಕೊಂಡು ಹೋಗಬೇಕಂತೆ.” ಗಂಟಲು ಸರಿಮಾಡಿಕೊಂಡ. “ನೀವು ಬರೋದು ಬೇಡವಂತೆ ಮೇಡಂ.”

“ನೋಡಿದ್ರಾ, ಕರೆ ಬಂದೇಬಿಡ್ತು!” ಸಾಕ್ಷಿ ಕುರ್ಚಿಯಿಂದ ಎದ್ದೇಬಿಟ್ಟ, ಮದುವೆಗೆ ಹೊರಟವನ ಹಾಗೆ. ನೊರೆ ಒರೆಸಿಕೊಳ್ಳುತ್ತಲೇ ಬಾಗಿಲಿನತ್ತ ಹೆಜ್ಜೆ ಹಾಕಿದ.

ಗಂಟೆ ಬಡಿದದ್ದು ಈಗಷ್ಟೇ, ಮೇಲೆ ಇವನ ಹೆಸರು ಹೇಳಿ ಸದಸ್ಯರ ಒಪ್ಪಿಗೆ ಪಡೆಯುವಷ್ಟು ಹೊತ್ತೇ ಆಗಿರಲಿಲ್ಲ. ಹಿಂಬಾಗಿಲ ಹಿಡಿ ಮೂರನೆಯ ಸಲ ತಿರುಗಿತು.

ಇನ್ಸ್‌ಪೆಕ್ಟರಮ್ಮ ಅವನ ಕೊರಳಿನ ಬಿಳಿ ಬಟ್ಟೆಯ ತುದಿಯನ್ನು ಹಿಡಿದಳು. ಬಿಡಲಿಲ್ಲ.